ಸಿಂಗಪುರದ ಸೆಖೆಗೆ ಮಂಡ್ಯದ ಕೋಲ್ಡ್ ಕ್ರೀಂ ಬೇಡ

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 39. ಹೋದ ವರ್ಷ ಮೇ ತಿಂಗಳಲ್ಲಿ ಉಡುಪಿಗೆ ಮದುವೆಗೆ ಹೋಗಿದ್ದೆ. ಮೂರನೇ ದಿನಕ್ಕೆ ಹಣೆ, ಎದೆ, ಬೆನ್ನಿನ ಮೇಲೆಲ್ಲ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಎದ್ದವು. ತುರಿಕೆ ತಡೆಯೋಕಾಗಲಿಲ್ಲ. ಕೂದಲಂತೂ ಬಾಚಿದಷ್ಟೂ ಪೊದೆ ಥರ ಹರಡಿಕೊಳ್ಳುತ್ತಿತ್ತು. ಹೊಸದೇನೂ ಬಳಸಿರಲಿಲ್ಲ. ಊರಲ್ಲಿ ಹಚ್ಚುವ ಕೋಲ್ಡ್ ಕ್ರೀಮನ್ನೇ ಹಚ್ಚಿದ್ದೆ, ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಮನೆಗೆ ಬಂದ ಮೇಲೆ ಗುಳ್ಳೆ ತಾನಾಗಿಯೇ ಇಳಿಯಿತು. ಈಗ ಜೂನ್‌ನಲ್ಲಿ ಮಗಳ ಜೊತೆ 10 ದಿನ ಸಿಂಗಪುರಕ್ಕೆ, ತಂಗಿಯ ಮನೆಗೆ ಹೊರಟಿದ್ದೇನೆ. ಕ್ಯಾಬಿನ್ ಬ್ಯಾಗ್ ಮಾತ್ರ. ನನಗೆ ಕೆನ್ನೆಯ ಮೇಲೆ ಬಂಗು ಇದೆ, 14 ವರ್ಷದ ಮಗಳಿಗೆ ಮೊಡವೆ. ಮುಖಕ್ಕೆ, ಕೂದಲಿಗೆ ಅಂತ ಏನೇನು ತೆಗೆದುಕೊಂಡು ಹೋಗಲಿ?

ಉತ್ತರ: "ಹೊಸದೇನೂ ಬಳಸಿರಲಿಲ್ಲ" ಅಂತ ಬರೆದಿದ್ದೀರಲ್ಲ, ತೊಂದರೆ ಆಗಿದ್ದು ಅದರಿಂದಲೇ. ಊರು ಬದಲಾಯಿತು, ಗಾಳಿ ಬದಲಾಯಿತು, ಹಚ್ಚುವುದು ಮಾತ್ರ ಬದಲಾಗಲಿಲ್ಲ. ಹಾಗಾಗಿ ಏನೇನು ಒಯ್ಯಬೇಕು ಅನ್ನುವುದಕ್ಕಿಂತ ಮೊದಲು ಏನೇನು ಮನೆಯಲ್ಲೇ ಬಿಟ್ಟು ಹೋಗಬೇಕು ಅಂತ ನೋಡೋಣ. ಕ್ಯಾಬಿನ್ ಬ್ಯಾಗಿನ ಚಿಂತೆಯೂ ಅಲ್ಲೇ ಅರ್ಧ ಕಮ್ಮಿ ಆಗುತ್ತದೆ.

ಮಂಡ್ಯ, ಮೈಸೂರು ಎರಡೂ ಕಡಲಿನಿಂದ ದೂರ ಇರುವ ಎತ್ತರದ ನೆಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಬೆವರು ಬಂದದ್ದೂ ಗೊತ್ತಾಗುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ಕಾಲು ಬಿಳಿಚಿಕೊಳ್ಳುತ್ತದೆ, ತುಟಿ ಬಿರಿಯುತ್ತದೆ. ಇಂಥ ಗಾಳಿಗೆ ಕೋಲ್ಡ್ ಕ್ರೀಂ ಸರಿಯಾದದ್ದೇ. ಅದರಲ್ಲಿರುವ ಎಣ್ಣೆ, ಮೇಣ, ಪ್ಯಾರಾಫಿನ್ ಚರ್ಮದ ಮೇಲೆ ಒಂದು ಪದರ ಕಟ್ಟಿ ಒಳಗಿನ ನೀರು ಹಾರಿಹೋಗದಂತೆ ತಡೆಯುತ್ತವೆ.

ಉಡುಪಿಯಲ್ಲಿ, ಸಿಂಗಪುರದಲ್ಲಿ ಕಥೆ ಉಲ್ಟಾ. ಗಾಳಿಯಲ್ಲೇ ಬೇಕಾದಷ್ಟು ನೀರು ಇರುತ್ತದೆ, ಆದ್ದರಿಂದ ಬೆವರು ಆರುವುದೇ ಇಲ್ಲ. ಸುರಿಯುತ್ತದೆ, ಅಂಟಿಕೊಂಡು ಕೂರುತ್ತದೆ. ಗಂಟೆಗಟ್ಟಲೆ ಒದ್ದೆಯಲ್ಲಿ ನೆನೆದ ಚರ್ಮ ಊದಿಕೊಳ್ಳುತ್ತದೆ, ಬೆವರು ಹೊರಬರುವ ಸಣ್ಣ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಹೊರಗೆ ಬರಲಾಗದ ಬೆವರು ಚರ್ಮದೊಳಗೇ ಸೋರಿದರೆ ಬೆವರುಸಾಲೆ. ಅದರ ಮೇಲೆ ಜಿಡ್ಡಿನ ಕ್ರೀಂ ಬೇರೆ ಬಳಿದರೆ ಮುಚ್ಚಿದ ಬಾಗಿಲಿಗೆ ಚಿಲಕವನ್ನೂ ಹಾಕಿದ ಹಾಗೆ.

ಇನ್ನೊಂದು ಸಾಧ್ಯತೆಯೂ ಇದೆ. ಮಲಸೇಜಿಯ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ನಮ್ಮೆಲ್ಲರ ಚರ್ಮದ ಮೇಲೂ ಇರುತ್ತದೆ. ಅದಕ್ಕೆ ಊಟ ಅಂದರೆ ಜಿಡ್ಡು. ತಲೆಯಲ್ಲಿ ಹೊಟ್ಟು ಜಾಸ್ತಿ ಮಾಡುವುದು ಅದೇ, ಬೆನ್ನು ಎದೆಯ ಮೇಲೆ ಸಿಬ್ಬು ತರುವುದೂ ಅದೇ. ಸೆಖೆ, ಬೆವರು, ಎಣ್ಣೆ ಮೂರೂ ಸಿಕ್ಕಿದಾಗ ಕೂದಲಿನ ಬುಡದ ರಂಧ್ರಗಳಲ್ಲಿ ಬೆಳೆದು ಗುಳ್ಳೆ ಎಬ್ಬಿಸುತ್ತದೆ. ಮೊಡವೆಯಾದರೆ ಒಂದು ದೊಡ್ಡದು, ಒಂದು ಚಿಕ್ಕದು, ನಡುವೆ ಕಪ್ಪು ತಲೆಯದು, ಹೀಗೆ ಬಗೆಬಗೆಯಾಗಿರುತ್ತದೆ. ಇದು ಹಾಗಲ್ಲ. ಎಲ್ಲ ಒಂದೇ ಅಳತೆ, ಜೊತೆಗೆ ತುರಿಕೆ. ನೀವು ಬರೆದಿರುವ ಲಕ್ಷಣ, ಅದು ಎದ್ದ ಜಾಗ, ರಾತ್ರಿಯ ಎಣ್ಣೆ ಎಲ್ಲ ಸೇರಿಸಿ ನೋಡಿದರೆ ನನಗೆ ಇದರ ಮೇಲೇ ಅನುಮಾನ ಜಾಸ್ತಿ. ಕಣ್ಣಾರೆ ನೋಡದೆ ಖಡಾಖಂಡಿತ ಹೇಳುವುದು ಸರಿಯಲ್ಲ. ಆದರೆ ಎರಡರಲ್ಲಿ ಯಾವುದೇ ಆಗಿದ್ದರೂ ತಯಾರಿ ಬಹುಪಾಲು ಒಂದೇ.

ಕೋಲ್ಡ್ ಕ್ರೀಂ, ಬಾಡಿ ಬಟರ್, ಬೇಬಿ ಆಯಿಲ್, ನೈಟ್ ಕ್ರೀಂ ಎಲ್ಲ ಕಪಾಟಿನಲ್ಲೇ ಇರಲಿ. ಮುಖ ಉಜ್ಜುವ ಸ್ಕ್ರಬ್ಬೂ ಬೇಡ, ಬೆವರಿನಲ್ಲಿ ನೆನೆದ ಚರ್ಮವನ್ನು ಉಜ್ಜಿದರೆ ಉರಿ ಗ್ಯಾರಂಟಿ. ವಿಟಮಿನ್ ಸಿ ಸೀರಂ ಬಳಸುತ್ತಿದ್ದರೆ ಅದಕ್ಕೂ ಹತ್ತು ದಿನ ರಜೆ ಕೊಡಿ. ಶಾಖಕ್ಕೆ, ಗಾಳಿಗೆ ಅದು ಬೇಗ ಕಂದು ತಿರುಗುತ್ತದೆ. ಪ್ರಯಾಣಕ್ಕೆ ಅಂತ ಹೊಸ ಕ್ರೀಂ, ಹೊಸ ಸೀರಂ ಕೊಂಡು ವಿಮಾನ ಹತ್ತಿದ ಮೇಲೆ ಮೊದಲ ಸಲ ಹಚ್ಚುವ ಅಭ್ಯಾಸ ತುಂಬ ಜನಕ್ಕಿದೆ. ಹೊಸದು ಏನೇ ಇರಲಿ, ಹೊರಡುವ ಎರಡು ವಾರ ಮೊದಲೇ ಊರಲ್ಲಿ ಹಚ್ಚಿ ನೋಡಿ. ವ್ಯಾಕ್ಸಿಂಗ್, ಫೇಷಿಯಲ್, ಬ್ಲೀಚ್ ಮಾಡಿಸುವುದಿದ್ದರೆ ಒಂದು ವಾರ ಮುಂಚೆ ಮುಗಿಸಿಬಿಡಿ. ಬ್ಯೂಟಿ ಪಾರ್ಲರಿನಿಂದ ನೇರ ಏರ್‌ಪೋರ್ಟಿಗೆ ಓಡಬೇಡಿ.

ಇನ್ನು ಒಯ್ಯುವ ವಿಷಯ. ಮುಖ ತೊಳೆಯಲು ಮೆದುವಾದ ಜೆಲ್ ಫೇಸ್‌ವಾಶ್ ಒಂದು ಸಾಕು, ತಾಯಿ ಮಗಳಿಬ್ಬರಿಗೂ ಅದೇ. ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ನಡುವೆ ಅಂಟಂಟು ಅನ್ನಿಸಿದರೆ ಬರೀ ನೀರು. ಸೆಖೆ ಅಂತ ದಿನಕ್ಕೆ ಐದಾರು ಸಲ ಸೋಪು ಹಾಕಿದರೆ ಚರ್ಮದ ಸ್ವಂತ ಜಿಡ್ಡೂ ಹೋಗಿ, ಒಳಗೆ ಒಣಗಿ ಹೊರಗೆ ಬೆವರುವ ವಿಚಿತ್ರ ಸ್ಥಿತಿ ಬರುತ್ತದೆ. ಮೈಗೆ ನಮ್ಮ ಮೈಸೂರು ಸ್ಯಾಂಡಲ್ ಸೋಪೇ ಸಾಕು, ಸೋಪು ಗಟ್ಟಿ ಪದಾರ್ಥವಾದ್ದರಿಂದ ವಿಮಾನದ ದ್ರವದ ಲೆಕ್ಕಕ್ಕೂ ಬರುವುದಿಲ್ಲ. ಮುಖಕ್ಕೆ ಮಾತ್ರ ಯಾವ ಬಿಲ್ಲೆ ಸೋಪನ್ನೂ ನಾನು ಹೇಳುವುದಿಲ್ಲ. ಸೋಪಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9, 10ರ ಹತ್ತಿರ ಇರುತ್ತದೆ, ಮುಖದ ಚರ್ಮದ್ದು 5ರ ಆಸುಪಾಸು. ಬಂಗು ಇರುವ ಕೆನ್ನೆಗೆ ಆ ಕಿರಿಕಿರಿ ಯಾಕೆ?

"ಅಷ್ಟು ಬೆವರುವ ಊರಿಗೆ ಮಾಯಿಶ್ಚರೈಸರ್ ಬೇಕಾ ಡಾಕ್ಟ್ರೇ?" ಅಂತ ಎಲ್ಲರೂ ಕೇಳುತ್ತಾರೆ. ಬೇಕು, ಆದರೆ ತೆಳ್ಳಗಿನದು. ಸಿಂಗಪುರದಲ್ಲಿ ಬೀದಿಯಲ್ಲಿ ಸೆಖೆ, ಮೆಟ್ರೋ ಹತ್ತಿದರೆ ಏಸಿ, ಮಾಲ್ ಹೊಕ್ಕರೆ ಏಸಿ, ಮಲಗುವ ಕೋಣೆಯಲ್ಲೂ ಏಸಿ. ವಿಮಾನದೊಳಗಿನ ಗಾಳಿಯಂತೂ ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನಕ್ಕಿಂತ ಒಣ, ಅಲ್ಲಿ ತೇವಾಂಶ ಶೇಕಡ 20ಕ್ಕಿಂತ ಕೆಳಗೂ ಇಳಿಯುತ್ತದೆ. ಬೆಂಗಳೂರಿಂದ ನಾಲ್ಕೂವರೆ ಗಂಟೆ ಅದರಲ್ಲೇ ಕೂರಬೇಕು. ಹಾಗಾಗಿ ನೀರಿನಂಶದ ಜೆಲ್ ಮಾಯಿಶ್ಚರೈಸರ್ 50 ಗ್ರಾಂನದು ಒಂದು ಇರಲಿ. ಅಂಗಡಿಯವರ ಮಾತು ನಂಬುವ ಬದಲು ಮನೆಯಲ್ಲೇ ಪರೀಕ್ಷೆ ಮಾಡಿ. ಮುಂಗೈ ಮೇಲೆ ಕಡಲೆಕಾಳಿನಷ್ಟು ಹಚ್ಚಿ ಹತ್ತು ನಿಮಿಷ ಬಿಟ್ಟು ತೆಳು ಕಾಗದ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಕಾಗದದ ಮೇಲೆ ಎಣ್ಣೆ ಕಲೆ ಬಿದ್ದಿದ್ದರೆ ಅದು ಮಂಡ್ಯದ ಡಿಸೆಂಬರಿಗೆ ಸರಿ, ಸಿಂಗಪುರಕ್ಕೆ ಬೇಡ.

ಸನ್‌ಸ್ಕ್ರೀನ್ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಮಾಡುತ್ತೇನೆ, ಯಾಕೆಂದರೆ ನಿಮಗೆ ಬಂಗು ಇದೆ. ವರ್ಷವಿಡೀ ಔಷಧಿ ಹಚ್ಚಿ ತಿಳಿಯಾದ ಬಂಗು ಒಂದು ವಾರದ ಬಿಸಿಲಿಗೆ ಮತ್ತೆ ಕಡುವಾಗುವುದನ್ನು ನಮ್ಮ ಕ್ಲಿನಿಕ್ಕಿನಲ್ಲಿ ಪ್ರತಿ ಬೇಸಿಗೆ ರಜೆ ಮುಗಿದ ಮೇಲೆ ನೋಡುತ್ತಿರುತ್ತೇವೆ. ಬಿಸಿಲಿನ ವಿಷಯಕ್ಕೆ ಬಂದರೆ ನಮ್ಮ ಮಂಡ್ಯವೇನೂ ಕಮ್ಮಿ ಇಲ್ಲ. ಆದರೆ ಇಲ್ಲಿ ನೀವು ಮಧ್ಯಾಹ್ನ ಮನೆಯಲ್ಲೋ ಶಾಲೆಯಲ್ಲೋ ಆಫೀಸಲ್ಲೋ ಇರುತ್ತೀರಿ, ಅಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಸುತ್ತುತ್ತಿರುತ್ತೀರಿ. ಸಿಂಗಪುರ ಇರುವುದು ಭೂಮಧ್ಯರೇಖೆಯಿಂದ ಒಂದೇ ಡಿಗ್ರಿ ಉತ್ತರಕ್ಕೆ. ನಡುಹಗಲಲ್ಲಿ ಅತಿನೇರಳೆ ಕಿರಣಗಳ ಸೂಚ್ಯಂಕ 11 ದಾಟುವುದು ಅಲ್ಲಿ ಮಾಮೂಲು, 11 ಅಂದರೆ ಪಟ್ಟಿಯಲ್ಲಿ ಅತಿ ಹೆಚ್ಚಿನ ಮಟ್ಟ. ಮೋಡ ಮುಚ್ಚಿದೆ ಅಂತ ಸುಮ್ನೆ ಬಿಡಬೇಡಿ, ಮೋಡ ಆ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ.

ಎಸ್‌ಪಿಎಫ್ 30 ಅಥವಾ 50, ಎರಡರಲ್ಲಿ ಯಾವುದಾದರೂ ಆದೀತು. 30 ಇರುವುದು ಚರ್ಮ ಸುಡುವ ಯುವಿಬಿ ಕಿರಣಗಳನ್ನು ಸುಮಾರು ಶೇಕಡ 97ರಷ್ಟು ತಡೆದರೆ 50 ಇರುವುದು 98ರಷ್ಟು. ಅದಕ್ಕಿಂತ ಮೇಲಿನ ಸಂಖ್ಯೆಗೆ ದುಡ್ಡು ಸುರಿಯುವುದು ಬೇಡ. ನೋಡಬೇಕಾದ್ದು ಬೇರೆ ಇದೆ. ಪಿಎ ಅಂತ ಬರೆದ ಪಕ್ಕದಲ್ಲಿ ಮೂರೋ ನಾಲ್ಕೋ ಪ್ಲಸ್ ಗುರುತು ಇರಬೇಕು, ಚರ್ಮ ಕಪ್ಪಾಗಿಸುವ ಯುವಿಎ ಕಿರಣಗಳನ್ನು ತಡೆಯುವ ಲೆಕ್ಕ ಅದು. ಬೆವರಿಗೆ, ನೀರಿಗೆ ಬೇಗ ಹೋಗದಂಥದ್ದು ಅಂತ ಬರೆದಿರಬೇಕು. ಜೆಲ್ ಅಥವಾ ನೀರಿನಂಶದ್ದಾಗಿರಬೇಕು. ಬಂಗಿಗೆ ಇನ್ನೂ ಒಂದು ಮಾತು: ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕಪ್ಪಾಗಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ನಮ್ಮ ಮೈಬಣ್ಣಕ್ಕೆ ಹತ್ತಿರವಾದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ನಿಮಗೆ ಅದು, ಮಗಳಿಗೆ ಬಣ್ಣ ಇಲ್ಲದ ಜೆಲ್. ಟಿಂಟೆಡ್ ಹಚ್ಚಿದರೆ ನಿಮಗೆ ಫೌಂಡೇಶನ್ ಕೂಡ ಬೇಕಾಗುವುದಿಲ್ಲ, ಬ್ಯಾಗಿಗೆ ಒಂದು ಬಾಟಲಿ ಉಳಿತಾಯ.

ಎಷ್ಟು ಹಚ್ಚಬೇಕು? ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಒಂದೊಂದು ಗೆರೆ ಎಳೆಯಿರಿ. ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಅಷ್ಟು ಬೇಕು. ಅದು ಸರಿಸುಮಾರು ಒಂದು ಗ್ರಾಂ. ದಿನಕ್ಕೆ ಮೂರು ಸಲ ಅಂದರೆ 10 ದಿನಕ್ಕೆ 30 ಗ್ರಾಂ, ಇಬ್ಬರಿಗೆ 60. ತೋಳಿಗೆ, ಪಾದಕ್ಕೆ ಸೇರಿಸಿದರೆ 50 ಗ್ರಾಂನ ಎರಡು ಟ್ಯೂಬ್ ಮುಗಿಯಲೇಬೇಕು. ವಾಪಸ್ ಬಂದಾಗ ಟ್ಯೂಬು ತುಂಬಿಯೇ ಇದ್ದರೆ ಹಚ್ಚಿಲ್ಲ ಅಂತಲೇ ಅರ್ಥ.

ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇಲ್ಲೇ ಎಲ್ಲರೂ ಎಡವುವುದು. ಬೆವರಿನ ಮೇಲೇ ಹಚ್ಚಿದರೆ ಅದು ಬಿಳಿ ಬಿಳಿ ಗೆರೆಯಾಗಿ ಗದ್ದಕ್ಕೆ ಇಳಿಯುತ್ತದೆ. ಮೊದಲು ಹತ್ತಿಯ ಕರವಸ್ತ್ರವನ್ನು ಮುಖಕ್ಕೆ ಒತ್ತಿ ಬೆವರು ತೆಗೆಯಿರಿ. ಒರೆಸಬೇಡಿ, ಒತ್ತಿ. ನೆರಳಲ್ಲಿ ಅಥವಾ ಏಸಿಯಲ್ಲಿ ಎರಡು ನಿಮಿಷ ನಿಂತು ಆಮೇಲೆ ಹಚ್ಚಿ. ಇಷ್ಟೆಲ್ಲ ಆದ ಮೇಲೂ ಬಂಗಿಗೆ ಎಲ್ಲಕ್ಕಿಂತ ಗಟ್ಟಿ ಕಾವಲು ಕೊಡೆಯೇ. ಸಿಂಗಪುರದಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಹೇಗೂ ಕೊಡೆ ಹಿಡಿದೇ ಓಡಾಡಬೇಕು. ಬಿಸಿಲಿಗೂ ಬಿಚ್ಚಿ, ನಾಚಿಕೆ ಬೇಡ.

ಬಂಗಿಗೆ ಅಂತ ಈಗ ರಾತ್ರಿ ಏನಾದರೂ ಹಚ್ಚುತ್ತಿದ್ದೀರಾ? ನೀವು ಬರೆದಿಲ್ಲ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಬೆರೆತ ಕ್ರೀಂ ಆಗಿದ್ದರೆ, ಅದನ್ನು ಬರೆದುಕೊಟ್ಟವರನ್ನು ಹೊರಡುವ ಮೊದಲೇ ಕೇಳಿ. ಬಿಸಿಲಲ್ಲಿ ಅದು ಕೆಂಪಾಗಿಸಿ ಉರಿಸುತ್ತದೆ, ನಿಲ್ಲಿಸುವುದಾದರೂ ಅವರು ಹೇಳಿದಂತೆ ನಿಲ್ಲಿಸಬೇಕು. ಯಾರೂ ಬರೆದುಕೊಡದೆ ಮೆಡಿಕಲ್ ಸ್ಟೋರಿನಿಂದ ತಂದು ಫೇರ್‌ನೆಸ್ ಕ್ರೀಂ ಥರ ಬಳಿಯುತ್ತಿದ್ದರೆ ಪ್ರವಾಸದ ಮಾತು ಆಮೇಲೆ, ಮೊದಲು ಚರ್ಮದ ಡಾಕ್ಟರನ್ನು ನೋಡಿ.

ಮಗಳ ವಿಷಯ ಸುಲಭ. ಈಗ ಹಚ್ಚುವ ಮೊಡವೆ ಮದ್ದನ್ನೇ ಮುಂದುವರಿಸಲಿ, ಹೊಸದು ಶುರು ಮಾಡುವ ಸಮಯ ಇದಲ್ಲ. ಅಡಾಪಲೀನ್ ಆಗಿದ್ದರೆ ರಾತ್ರಿ ಮಾತ್ರ, ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು. ಬೆಂಝಾಯಿಲ್ ಪೆರಾಕ್ಸೈಡ್ ಜೆಲ್ ಆಗಿದ್ದರೆ ಚಿಕ್ಕಮ್ಮನ ಮನೆಯ ಬಣ್ಣದ ಟವೆಲ್ ಮುಟ್ಟದಿರಲಿ, ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಅನ್ನುವುದು ನಿಮ್ಮಿಬ್ಬರಿಗೂ ಗೊತ್ತಿರಲಿ. ಇನ್ನೊಂದು, ಅಲ್ಲಿ ಊಟದ ತಟ್ಟೆಯಲ್ಲಿ ನಿಂಬೆ ಹೋಳು ಇಟ್ಟಿರುತ್ತಾರೆ. ನಿಂಬೆರಸ ಮೊಡವೆ ಕಲೆಗೆ ಒಳ್ಳೆಯದು ಅಂತ ಎಲ್ಲೋ ನೋಡಿ ಮುಖಕ್ಕೆ ಉಜ್ಜಿಕೊಂಡಾಳು! ನಿಂಬೆರಸ ಬಿದ್ದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟಂತೆ ಬೊಬ್ಬೆ ಬಂದು ವಾರಗಟ್ಟಲೆ ಕಂದು ಕಲೆ ಉಳಿಯುತ್ತದೆ.

ಈಗ ಕೂದಲು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತದೆ. ಕೂದಲಿನೊಳಗೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಅವು ಒಂದನ್ನೊಂದು ಹಿಡಿದುಕೊಂಡಿರುವುದು ಭಾಗಶಃ ಹೈಡ್ರೋಜನ್ ಬಂಧಗಳಿಂದ. ನೀರು ತಾಕಿದರೆ ಈ ಹಿಡಿತ ಸಡಿಲವಾಗುತ್ತದೆ, ಒಣಗಿದಾಗ ಕೂದಲು ಯಾವ ಆಕಾರದಲ್ಲಿತ್ತೋ ಆ ಆಕಾರದಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಒದ್ದೆ ಕೂದಲಿಗೆ ಜಡೆ ಹಾಕಿ ಮಲಗಿದರೆ ಬೆಳಗ್ಗೆ ಗುಂಗುರು ಬಂದಿರುವುದು ಇದಕ್ಕೇ. ತೇವದ ಗಾಳಿಯಲ್ಲಿ ಈ ಬಿಚ್ಚುವುದು ಕಟ್ಟುವುದು ದಿನವಿಡೀ ನಡೆಯುತ್ತಿರುತ್ತದೆ. ಕೂದಲು ಗಾಳಿಯಿಂದಲೇ ನೀರು ಹೀರಿ ದಪ್ಪಗಾಗುತ್ತದೆ, ಪ್ರತಿ ಎಳೆಯೂ ತನಗಿಷ್ಟ ಬಂದ ಕಡೆ ತಿರುಗುತ್ತದೆ. ಬಣ್ಣ ಹಾಕಿಸಿದ, ಸ್ಟ್ರೈಟ್ನಿಂಗ್ ಮಾಡಿಸಿದ ಕೂದಲಿನ ಮೇಲ್ಪದರ ಮೊದಲೇ ಎದ್ದಿರುವುದರಿಂದ ಅದು ಇನ್ನೂ ಜಾಸ್ತಿ ಹೀರುತ್ತದೆ. ನೀವು ಒಣ ಕೂದಲನ್ನು ಬಾಚಿದಷ್ಟೂ ಒಟ್ಟಿಗಿದ್ದ ಎಳೆಗಳು ಬಿಡಿಯಾಗಿ ಇನ್ನಷ್ಟು ಹರಡಿಕೊಂಡವು. ಅಲ್ಲಿ ಬಾಚುವುದೇನಿದ್ದರೂ ಸ್ನಾನದಲ್ಲಿ, ಕಂಡೀಷನರ್ ಹಚ್ಚಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ. ಒಣಗಿದ ಮೇಲೆ ಬೆರಳಲ್ಲೇ ಸರಿಮಾಡಿ ಜಡೆ ಹೆಣೆದುಬಿಡಿ. ಆ ಗಾಳಿಗೆ ಜಡೆಯಷ್ಟು ಅನುಕೂಲದ ಕೇಶವಿನ್ಯಾಸ ಬೇರೆ ಇಲ್ಲ.

ಕೊಬ್ಬರಿ ಎಣ್ಣೆಯನ್ನು ನಾನು ಬೈಯುವುದಿಲ್ಲ. ಕೂದಲಿನ ಒಳಕ್ಕೆ ಇಳಿಯುವ ಎಣ್ಣೆ ಅದು. ಅದರಲ್ಲಿರುವ ಲಾರಿಕ್ ಆಮ್ಲಕ್ಕೆ ಆ ಗುಣ ಇದೆ. ತೊಳೆಯುವಾಗ ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಅದು ಕಮ್ಮಿ ಮಾಡುತ್ತದೆ ಅನ್ನುವುದು ಪ್ರಯೋಗಗಳಲ್ಲೂ ಕಂಡಿದೆ. ಆದರೆ ಒಳ್ಳೆಯದು ಆಗುವುದು ಕೂದಲಿಗೆ, ನೆತ್ತಿಗಲ್ಲ. ಸೆಖೆಯ ಊರಲ್ಲಿ ನೆತ್ತಿಗೆ ಎಣ್ಣೆ ಸುರಿದು ಮಲಗಿದರೆ ರಾತ್ರಿಯಿಡೀ ಬೆವರಿನ ಜೊತೆ ಹಣೆಗೆ, ದಿಂಬಿಗೆ, ದಿಂಬಿನಿಂದ ಬೆನ್ನಿಗೆ ಇಳಿಯುತ್ತದೆ. ಉಡುಪಿಯಲ್ಲಿ ನಿಮ್ಮ ಗುಳ್ಳೆ ಎದ್ದ ಜಾಗಗಳನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಬೇಕೇ ಬೇಕು ಅಂದರೆ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು, ಕಿವಿಯಿಂದ ಕೆಳಗಿನ ಉದ್ದಕ್ಕೆ ಮಾತ್ರ ಹಚ್ಚಿ ತೊಳೆದುಬಿಡಿ. ಒಂದು ಚಿಕ್ಕ ಸೀಸೆ ಸಾಕು. ಮುಚ್ಚಳ ಭದ್ರ ಇರಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇದು ಹೆಪ್ಪುಗಟ್ಟುತ್ತದೆ. ಮೈಸೂರಿನ ಚಳಿಗಾಲದಲ್ಲಿ ಬಿಸಿನೀರಲ್ಲಿಟ್ಟು ಕರಗಿಸುತ್ತೇವಲ್ಲ, ಅಲ್ಲಿ ಅದಕ್ಕೆ ಆ ಅವಕಾಶವೇ ಇಲ್ಲ, ಯಾವಾಗಲೂ ನೀರಾಗಿಯೇ ಇದ್ದು ಸೋರಲು ಕಾಯುತ್ತಿರುತ್ತದೆ.

ಸೀಗೆಪುಡಿ, ಚಿಗರೆಪುಡಿಯವರಿಗೆ: ಊರಲ್ಲಿ ಚೆನ್ನಾಗಿಯೇ ಇದೆ, ಬಿಡಬೇಡಿ. ಅಲ್ಲಿಗೆ ಬೇಡ. ತೇವಕ್ಕೆ ಪುಡಿ ಗಂಟುಕಟ್ಟುತ್ತದೆ, ತೊಳೆಯಲು ಬಿಂದಿಗೆಗಟ್ಟಲೆ ನೀರು ಬೇಕು, ತಂಗಿಯ ಫ್ಲಾಟಿನ ಬಚ್ಚಲ ಜಾಲರಿ ಕಟ್ಟಿಕೊಂಡರೆ ಸಂಬಂಧಕ್ಕೂ ಒಳ್ಳೆಯದಲ್ಲ.

ಇಲ್ಲಿ ವಾರಕ್ಕೆ ಎರಡು ಸಲ ತಲೆಸ್ನಾನ ಮಾಡುವವರು ಅಲ್ಲಿ ದಿನ ಬಿಟ್ಟು ದಿನ ಮಾಡಿ, ಕೂದಲು ಉದುರುತ್ತೆ ಅಂತ ಹೆದರಬೇಡಿ. ನಿಮಗೆ ಹೊಟ್ಟಿನ ಅಭ್ಯಾಸ ಇದ್ದರೆ, ಅಥವಾ ಆ ತುರಿಕೆ ಗುಳ್ಳೆ ಮತ್ತೆ ಬರಬಾರದು ಅಂತಿದ್ದರೆ, ಶೇಕಡ 2ರ ಕೀಟೋಕೊನಝೋಲ್ ಶಾಂಪೂ ಬಗ್ಗೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ವಾರಕ್ಕೆ ಎರಡು ಸಲ, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು. ಆ ನೊರೆಯನ್ನೇ ಎದೆ, ಬೆನ್ನಿಗೂ ಹಚ್ಚಿಕೊಂಡು ಅಷ್ಟೇ ಹೊತ್ತು ಬಿಡಬಹುದು. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಪ್ರಯೋಜನ ಇಲ್ಲ, ಐದು ನಿಮಿಷ ಮುಖ್ಯ. ಉಳಿದ ದಿನಕ್ಕೆ ಪೆಟ್ಟಿಗೆ ಅಂಗಡಿಯಲ್ಲಿ ಸರ ಸರ ನೇತುಹಾಕಿರುವ ಶಾಂಪೂ ಸ್ಯಾಷೆಗಳೇ ಸಾಕು. ಬಾಟಲಿಯೂ ಬೇಡ, ಸುರಿದು ತುಂಬುವ ರಗಳೆಯೂ ಬೇಡ, ಖಾಲಿಯಾದದ್ದನ್ನು ಬಿಸಾಕಿ ಹಗುರಾಗಿ ಬರಬಹುದು. ಕಂಡೀಷನರ್ ಮಾತ್ರ 100 ಮಿಲಿಯ ಬಾಟಲಿ ಒಯ್ಯಿರಿ, ಬುಡಕ್ಕೆ ತಾಕಿಸದೆ ಉದ್ದಕ್ಕೆ ಮಾತ್ರ ಹಚ್ಚಿ.

ತೊಳೆದ ಮೇಲೆ ಹಚ್ಚಿ ಬಿಡುವ ಸೀರಂ ಕೊಳ್ಳುವಾಗ ಹಿಂದೆ ಬರೆದಿರುವ ಪಟ್ಟಿ ಓದಿ. ಡೈಮೆಥಿಕೋನ್ ಥರದ ಸಿಲಿಕೋನ್ ಮೊದಲಲ್ಲೇ ಇದ್ದರೆ ಒಳ್ಳೆಯದು, ಕೂದಲ ಮೇಲೆ ತೆಳು ಪದರ ಕಟ್ಟಿ ಗಾಳಿಯ ತೇವ ಒಳಗಿಳಿಯುವುದನ್ನು ನಿಧಾನ ಮಾಡುತ್ತದೆ. ಗ್ಲಿಸರಿನ್ ಮೊದಲ ನಾಲ್ಕೈದು ಹೆಸರಲ್ಲಿದ್ದರೆ ಬಿಟ್ಟುಬಿಡಿ. ಅದು ನೀರನ್ನು ಎಳೆದುಕೊಳ್ಳುವ ವಸ್ತು. ತೇವ ತುಂಬಿದ ಗಾಳಿಯಲ್ಲಿ ಅದನ್ನು ಹಚ್ಚಿದರೆ ಊದಬೇಡ ಅಂದ ಕೂದಲಿಗೆ ನೀವೇ ನೀರು ಕರೆದು ಕೊಟ್ಟಂತೆ. ಎರಡು ಮೂರು ಹನಿ, ಕೂದಲು ಇನ್ನೂ ಸ್ವಲ್ಪ ಹಸಿ ಇರುವಾಗ, ತುದಿಗೆ. ಹೊರಡುವ ಮೊದಲು ಪಾರ್ಲರಿನಲ್ಲಿ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಲೇ ಅಂತ ಕೇಳುವವರಿದ್ದಾರೆ. ಹತ್ತು ದಿನದ ಸುತ್ತಾಟಕ್ಕೆ ಅದು ಬೇಡ, ಅಂಥ ಹಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊರಬಿಡುತ್ತವೆ.

ಒಣಗಿಸುವುದರಲ್ಲಿ ಸೋಮಾರಿತನ ಮಾಡಬೇಡಿ. ದಪ್ಪ ಟರ್ಕಿ ಟವೆಲ್ ಅಲ್ಲಿ ಬೆಳಗ್ಗೆ ಒದ್ದೆಯಾದರೆ ರಾತ್ರಿಯಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಕರಾವಳಿಯವರ ಬೈರಾಸಿನಂಥ ತೆಳು ಹತ್ತಿ ಟವೆಲ್ ತಲಾ ಎರಡು ಒಯ್ಯಿರಿ, ಜಾಗವೂ ಹಿಡಿಯುವುದಿಲ್ಲ. ಕೂದಲನ್ನು ತಿಕ್ಕದೆ ಅದರಲ್ಲಿ ಒತ್ತಿ ನೀರು ತೆಗೆದು ಫ್ಯಾನಿನ ಕೆಳಗೆ ಕೂರಿ. ಒದ್ದೆ ಕೂದಲನ್ನು ಗಂಟು ಹಾಕಿ, ಮೇಲೆ ಮೂರು ಮೊಳ ಮಲ್ಲಿಗೆ ಸುತ್ತಿ ಇಡೀ ದಿನ ಮದುವೆ ಮನೆಯಲ್ಲಿ ಓಡಾಡಿದರೆ ನೆತ್ತಿ ಸಂಜೆವರೆಗೂ ಒಣಗುವುದಿಲ್ಲ. ಉಡುಪಿ ಮಲ್ಲಿಗೆಯ ಆಸೆ ನನಗೂ ಅರ್ಥವಾಗುತ್ತದೆ, ಆದರೆ ಕೂದಲು ಪೂರ್ತಿ ಒಣಗಿದ ಮೇಲೆ ಮುಡಿಯಿರಿ.

ಮದುವೆ ಅಂದಾಗ ನೆನಪಾಯಿತು. ಸೆಖೆಯ ಊರಲ್ಲಿ ಇಮಿಟೇಶನ್ ಸರ ಹಾಕಿದ ಕುತ್ತಿಗೆಯ ಸುತ್ತ ಕೆಂಪಾಗಿ ಕೆರೆತ ಬಂದರೆ ಅದು ನಿಕಲ್ ಲೋಹದ ಅಲರ್ಜಿ ಇರಬಹುದು, ಬೆವರು ನಿಕಲ್ಲನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಸ್ಟಿಕ್ಕರ್ ಬಿಂದಿಯ ಅಂಟಿನಿಂದ ಕೆಲವರಿಗೆ ಹಣೆಯಲ್ಲಿ ಬಿಳಿ ಮಚ್ಚೆಯೇ ಬೀಳುತ್ತದೆ. ಹಣೆ ಆ ಜಾಗದಲ್ಲಿ ತುರಿಸುತ್ತಿದ್ದರೆ ಬಿಂದಿ ಬಿಟ್ಟು ಪೆನ್ಸಿಲ್ ಕುಂಕುಮಕ್ಕೆ ಬದಲಾಯಿಸಿ.

ಔಷಧಿ ಚೀಲದಲ್ಲಿ ಕ್ಯಾಲಮೈನ್ ಲೋಶನ್ ಇರಲಿ, ಬೆವರುಸಾಲೆಯ ತುರಿಕೆಗೆ. ಶೇಕಡ 1ರ ಕ್ಲೋಟ್ರಿಮಝೋಲ್ ಪುಡಿ ಇರಲಿ. ತೊಡೆಸಂದು, ಎದೆಯ ಕೆಳಗಿನ ಮಡಿಕೆ, ಕಾಲ್ಬೆರಳ ಸಂದು ಇವೇ ಅಲ್ಲಿ ಮೊದಲು ಹದಗೆಡುವ ಜಾಗಗಳು. ಪುಡಿಯನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ತೆಳ್ಳಗೆ ಹಾಕಬೇಕು. ಬೆವರಿನ ಮೇಲೆ ಸುರಿದರೆ ಹಿಟ್ಟು ಕಲಸಿದಂತಾಗಿ ಇನ್ನೂ ಉಜ್ಜುತ್ತದೆ.

ತರಲೇಬಾರದ್ದು ಒಂದಿದೆ. "ಎಲ್ಲ ತುರಿಕೆಗೂ ಆಗುತ್ತೆ" ಅಂತ ಮೆಡಿಕಲ್ ಸ್ಟೋರಿನಲ್ಲಿ ಕೊಡುತ್ತಾರಲ್ಲ, ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಮದ್ದು ಮೂರೂ ಬೆರೆತ ಕ್ರೀಂ, ಅದು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂಥ ಹೆಸರು ಕಂಡರೆ ಬೇಡ ಅನ್ನಿ. ಹಚ್ಚಿದ ದಿನ ತುರಿಕೆ ನಿಲ್ಲುತ್ತದೆ, ಎಲ್ಲರೂ ಖುಷಿ. ಸ್ಟೀರಾಯ್ಡ್ ಆ ಜಾಗದ ಚರ್ಮದ ಪ್ರತಿರೋಧ ಕುಗ್ಗಿಸಿರುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ. ಹುಳುಕಡ್ಡಿ ಇವತ್ತು ಮನೆಮಂದಿಗೆಲ್ಲ ಹರಡಿ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಬಗ್ಗದಿರುವುದಕ್ಕೆ ಈ ಕ್ರೀಮುಗಳ ಪಾಲು ದೊಡ್ಡದು. ಇಂಥ ಗಟ್ಟಿ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದರೆ ಸಿಗುತ್ತದೆ, ಅದೇ ಬೇಸರ.

ಪ್ಯಾಕಿಂಗ್ ಹೀಗೆ. ಅಂತರರಾಷ್ಟ್ರೀಯ ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ದ್ರವ, ಜೆಲ್, ಕ್ರೀಂ, ಪೇಸ್ಟ್ ಯಾವುದೇ ಆದರೂ ಒಂದೊಂದು ಡಬ್ಬಿ 100 ಮಿಲಿ ಮೀರಬಾರದು. ಅವೆಲ್ಲ ಒಂದು ಲೀಟರಿನ, ಜಿಪ್ ಇರುವ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು, ಒಬ್ಬರಿಗೆ ಒಂದೇ ಚೀಲ. ಲೆಕ್ಕ ಡಬ್ಬಿಯ ಅಳತೆಗೆ, ಒಳಗಿರುವುದಕ್ಕಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಎರಡು ಚಮಚ ಶಾಂಪೂ ಇದ್ದರೂ ತೆಗೆದು ಬಿಸಾಕುತ್ತಾರೆ. ನಿಮ್ಮದು ಎರಡು ಟಿಕೆಟ್, ಎರಡು ಚೀಲ. ನಿಮ್ಮ ಚೀಲದಲ್ಲಿ ಟಿಂಟೆಡ್ ಸನ್‌ಸ್ಕ್ರೀನ್, ಫೇಸ್‌ವಾಶ್, ಕಂಡೀಷನರ್, ಕೀಟೋಕೊನಝೋಲ್ ಶಾಂಪೂ, ಎಣ್ಣೆಯ ಸೀಸೆ. ಮಗಳ ಚೀಲದಲ್ಲಿ ಅವಳ ಸನ್‌ಸ್ಕ್ರೀನ್, ಮೊಡವೆ ಜೆಲ್, ಮಾಯಿಶ್ಚರೈಸರ್, ಸೀರಂ, ಸ್ಯಾಷೆಗಳು, ಟೂತ್‌ಪೇಸ್ಟ್, ಕ್ಯಾಲಮೈನ್, ಸೊಳ್ಳೆ ಲೋಶನ್. ಸಿಂಗಪುರದಲ್ಲಿ ಡೆಂಗಿ ಇದೆ, ಸೊಳ್ಳೆ ಲೋಶನ್ ಬೇಕು. ಸನ್‌ಸ್ಕ್ರೀನ್ ಮೊದಲು, ಅದು ಆರಿದ ಮೇಲೆ ಸೊಳ್ಳೆಯದು. ಸೋಪು, ಪುಡಿ, ಬಾಚಣಿಗೆ ಚೀಲದ ಹೊರಗೆ.

ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಮೆತ್ತನೆ ಬಾಟಲಿಯಾದರೆ ಸ್ವಲ್ಪ ಹಿಸುಕಿ ಗಾಳಿ ತೆಗೆದು ಮುಚ್ಚಿ. ಗಟ್ಟಿ ಸೀಸೆಯಾದರೆ ಮುಚ್ಚಳ ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟು ಮೇಲೆ ಮುಚ್ಚಳ ತಿರುಗಿಸಿ. ತಂಗಿಗೆ ಅಂತ ಒಣಕೊಬ್ಬರಿ ಕಟ್ಟಿಕೊಂಡಿದ್ದರೆ ಅದನ್ನೂ ಬಿಚ್ಚಿಡಿ ನೋಡಿಮ್ಮ. ಎಣ್ಣೆಯಂಶ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ವಿಮಾನದಲ್ಲಿ ಬಿಡುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಸಂಜೆ ಮನೆಗೆ ಬಂದ ಕೂಡಲೇ ಬೆವರಿನ ಬಟ್ಟೆ ತೆಗೆದು ತಣ್ಣೀರು ಸ್ನಾನ ಮಾಡಿ, ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಿ. ಬೆವರಿನ ಬಟ್ಟೆಯಲ್ಲೇ ಏಸಿ ಕೆಳಗೆ ಕೂತು ಹರಟೆ ಹೊಡೆಯುವುದೇ ಬೆನ್ನಿನ ಗುಳ್ಳೆಗೆ ದಾರಿ. ಇಷ್ಟೆಲ್ಲ ಮಾಡಿಯೂ ಎರಡನೇ ದಿನವೋ ಮೂರನೇ ದಿನವೋ ಆ ಗುಳ್ಳೆ ಕಂಡರೆ, ಏನನ್ನೂ ಹಚ್ಚುವ ಮೊದಲು ಕಿಟಕಿಯ ಬೆಳಕಿಗೆ ನಿಂತು ಮೊಬೈಲಲ್ಲಿ ಎರಡು ಫೋಟೋ ತೆಗೆಸಿಕೊಳ್ಳಿ, ಒಂದು ಹತ್ತಿರದಿಂದ, ಒಂದು ಇಡೀ ಬೆನ್ನು ಕಾಣುವಂತೆ. ನೀವು ಊರಿಗೆ ಬರುವಷ್ಟರಲ್ಲಿ ಅದು ಇಳಿದಿರುತ್ತದೆ, ಆಗ ಡಾಕ್ಟರಿಗೆ ತೋರಿಸಲು ಆ ಫೋಟೋ ಬಿಟ್ಟರೆ ಬೇರೇನೂ ಇರುವುದಿಲ್ಲ. ಜ್ವರ ಬಂದರೆ, ಗುಳ್ಳೆಯಲ್ಲಿ ಕೀವು ತುಂಬಿ ನೋವಾದರೆ ಮಾತ್ರ ಕಾಯಬೇಡಿ, ಅಲ್ಲೇ ತಂಗಿಯ ಮನೆ ಹತ್ತಿರದ ಡಾಕ್ಟರಿಗೆ ತೋರಿಸಿ.